ಎಡೇಹಳ್ಳಿಯ ಕಪ್ಪೆ ಡಾಕ್ಟ್ರು

ನೆಲಗಪ್ಪೆಯ ಎರಡೂ ಕಂಕುಳಿಗೆ ಬೆರಳು ಹಾಕಿ ಮೆಲ್ಲಗೆ ಅದುಮಬೇಕು. ಗಂಡಾದರೆ ಗೊರಗೊರ ಎಂದು ಗೊಣಗುತ್ತದೆ. ಹೆಣ್ಣಾದರೆ ಸುಮ್ಮನಿರುತ್ತದೆ. ಡಿಸ್ಪೆನ್ಸರಿಯ ಹಿಂದಿನ ಚರಂಡಿಯಲ್ಲಿ, ಪಂಚೆಯನ್ನು ಮಂಡಿಯ ಮೇಲಕ್ಕೆ ಕಟ್ಟಿಕೊಂಡು, ಆದರೆ ಕೋಟನ್ನು ಮಾತ್ರ ಬಿಚ್ಚದೆ, ಡಾಕ್ಟರ್ ಗುರುಶಾಂತಯ್ಯನವರು ಸಂಜೆ ಹೊತ್ತು ಮಾಡುತ್ತಿದ್ದ ಕೆಲಸ ಇದು. ಗೊಣಗಿದ್ದು ಒದ್ದೆ ಮರಳು ತುಂಬಿದ ಸೀಮೆಎಣ್ಣೆ ಡಬ್ಬಕ್ಕೆ, ಸುಮ್ಮನಿದ್ದದ್ದು ವಾಪಸ್ಸು ಚರಂಡಿಗೆ.

"ಮನುಷ್ಯರಲ್ಲೂ ಹೀಗೇ ಮಾರಾಯ," ಎನ್ನುತ್ತಿದ್ದರು. "ಸೂಜಿ ಚುಚ್ಚಿ ನೋಡು. ಹೆಂಗಸರು ತುಟಿ ಕಚ್ಚಿಕೊಳ್ತಾರೆ. ಗಂಡಸು ಸಂತೆಗೆಲ್ಲ ಕೇಳೋ ಹಾಗೆ ಕೂಗ್ತಾನೆ."

ನರಸಿಂಹರಾಜಪುರ ಎಂದು ಬೋರ್ಡಿನಲ್ಲಿದ್ದರೂ ಊರನ್ನು ಎಲ್ಲರೂ ಎಡೇಹಳ್ಳಿ ಎಂದೇ ಕರೆಯುತ್ತಿದ್ದ ಕಾಲ. ಸ್ವಾತಂತ್ರ್ಯ ಬಂದ ಮರುವರ್ಷವೋ, ಅದರ ಮರುವರ್ಷವೋ. ನನಗೆ ಇಪ್ಪತ್ತಾರು ಎಂದು ಬರೆಯಲು ಹೊರಟರೆ ಇಪ್ಪತ್ತೇಳೇ ಇರಬೇಕು ಅನ್ನಿಸುತ್ತದೆ. ಮರದ ಡಿಪೋದಲ್ಲಿ ಗುಮಾಸ್ತನಾಗಿದ್ದೆ. ಬಂದ ನಾಟಾಗಳ ಉದ್ದ, ಸುತ್ತಳತೆ ಅಳೆದು ಬರೆದುಕೊಳ್ಳುವುದು ನನ್ನ ಕೆಲಸ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೆ. ನನ್ನವರು ಅಂತ ಇದ್ದದ್ದು ಕೊಪ್ಪದಲ್ಲಿ ಮದುವೆಯಾಗಿದ್ದ ಅಕ್ಕ ಒಬ್ಬಳೇ.

ಡಾಕ್ಟರ ಬಗ್ಗೆ ಈಗ ಊರವರು ಹೇಳುವ ಕತೆಗಳಲ್ಲಿ ಅವರು ದೇವರಾಗಿಬಿಟ್ಟಿದ್ದಾರೆ. ಆ ದೇವರ ಪರಿಚಯ ನನಗಿಲ್ಲ. ನನಗೆ ಗೊತ್ತಿದ್ದವರು ಕುಳ್ಳಗಿದ್ದರು, ಒಂದು ಕಿವಿ ಮಂದ, ರೋಗಿಗಳ ಮೇಲೆ ರೇಗುತ್ತಿದ್ದರು. ಕೆಲಸವೆಲ್ಲ ಮಲೇರಿಯದ್ದು. ಆ ಕಾಲಕ್ಕೆ ನಮ್ಮ ಕಡೆ ಜ್ವರ ಬರದ ಮನುಷ್ಯನನ್ನು ಹುಡುಕಬೇಕಿತ್ತು. ರಕ್ತದಲ್ಲಿ ಜ್ವರದ ಕ್ರಿಮಿ ನೋಡಲು ಸರ್ಕಾರ ಅವರಿಗೊಂದು ಸೂಕ್ಷ್ಮದರ್ಶಕ ಕೊಟ್ಟಿತ್ತು. ಅದರ ಹಿತ್ತಾಳೆ ಕೊಳವೆಯನ್ನು ಅವರು ದಿನಾ ತಾವೇ ಒರೆಸುತ್ತಿದ್ದರು. ಎಲ್ಲಿಂದಲೋ ಅಂಚೆಯಲ್ಲಿ ತರಿಸುತ್ತಿದ್ದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕಪ್ಪೆಯ ವಿಷಯ ಓದಿದ್ದು, ಆಮೇಲೆ ಹುಚ್ಚು ಹಿಡಿದದ್ದು. ಗರ್ಭಿಣಿಯ ಮೂತ್ರವನ್ನು ಗಂಡು ಕಪ್ಪೆಯ ಬೆನ್ನಿನ ಚರ್ಮದಡಿಗೆ ಚುಚ್ಚಿದರೆ ಎರಡು ಮೂರು ಗಂಟೆಯಲ್ಲಿ ಆ ಕಪ್ಪೆಯ ಮೂತ್ರದಲ್ಲಿ ವೀರ್ಯಾಣುಗಳು ಕಾಣಿಸಿಕೊಳ್ಳುತ್ತವೆ. ಗರ್ಭ ಇಲ್ಲದಿದ್ದರೆ ಇಲ್ಲ. ಮಳೆಗಾಲದಲ್ಲಿ ಗಂಡು ಕಪ್ಪೆಗಳಿಗೆ ತಾವಾಗಿಯೇ ಆವೇಶ ಬಂದಿರುವುದರಿಂದ ಚುಚ್ಚುವ ಮೊದಲೇ ಒಮ್ಮೆ ನೋಡಿ, ಏನೂ ಇಲ್ಲದವನ್ನು ಮಾತ್ರ ಆರಿಸಿಕೊಳ್ಳಬೇಕು. ಕೆಲಸ ಮುಗಿದ ಕಪ್ಪೆಗಳನ್ನು ಅವರು ಕೊಲ್ಲುತ್ತಿರಲಿಲ್ಲ. ಚರಂಡಿಗೆ ಬಿಟ್ಟು "ಡ್ಯೂಟಿ ಮುಗೀತು, ಹೋಗ್ರಯ್ಯ" ಎನ್ನುತ್ತಿದ್ದರು. ವಾಸಿಯಾದವರು ಬಾಳೆಗೊನೆ ಹೊತ್ತು ತಂದರೆ, "ಇದು ನನಗೆ ಎಂತಕ್ಕೆ? ಒಂದು ಪೊಟ್ಟಣ ಗೆದ್ದಲು ತನ್ನಿ, ನನ್ನ ನೌಕರರಿಗೆ ಊಟ ಆಗ್ತದೆ," ಎಂದು ಹಿಂದಕ್ಕೆ ಕಳಿಸುತ್ತಿದ್ದರು. ಹೀಗಾಗಿ ಅವರು ಕಪ್ಪೆ ಡಾಕ್ಟ್ರು.

ನಾನು ಅವರ ಕೈಗೆ ಸಿಕ್ಕಿದ್ದು ಜ್ವರಗಡ್ಡೆಯ ತಪಾಸಣೆಯಲ್ಲಿ. ಮಲೇರಿಯಕ್ಕೆ ಎಡಗಡೆ ಹೊಟ್ಟೆಯಲ್ಲಿ ಗುಲ್ಮ ಊದಿಕೊಳ್ಳುತ್ತದಲ್ಲ, ಅದನ್ನು ನೋಡಲು ಡಿಪೋದವರನ್ನೆಲ್ಲ ಅಂಗಿ ಬಿಚ್ಚಿಸಿ ಸಾಲಾಗಿ ನಿಲ್ಲಿಸಿದ್ದರು. ನನ್ನ ಸರದಿ ಬಂದಾಗ ಹೊಟ್ಟೆ ಮುಟ್ಟಲೇ ಇಲ್ಲ. ಎದೆ ನೋಡುತ್ತ ನಿಂತರು. ನನ್ನ ಮೊಲೆಗಳು ಕೆಲವು ತಿಂಗಳಿಂದ ಊದಿ ನೋಯುತ್ತಿದ್ದವು. ಡಿಪೋದವರು ತಮಾಷೆ ಮಾಡಿದರೆ ಊಟ ಮೈಗೆ ಹತ್ತಿದೆ ಎಂದು ನಾನೂ ನಗುತ್ತಿದ್ದೆ.

ಅವರು ನಗಲಿಲ್ಲ. ಸಾಲನ್ನು ಅಲ್ಲೇ ನಿಲ್ಲಿಸಿ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು.

"ಕೆಳಗೆ ಏನಾದ್ರೂ ಬಾವು ಇದೆಯಾ?"

"ಇಲ್ಲ ಡಾಕ್ಟ್ರೇ."

"ಸುಳ್ಳು ಹೇಳೋದಾದ್ರೆ ವಕೀಲರ ಹತ್ರ ಹೇಳು ಮಾರಾಯ, ಉಪಯೋಗಕ್ಕೆ ಬರ್ತದೆ. ನನ್ನ ಹತ್ರ ಹೇಳಿ ಎಂತ ಸಿಗ್ತದೆ?"

ಎಂಟು ತಿಂಗಳಿಂದ ಇತ್ತು. ಬಲಗಡೆಯ ವೃಷಣ ದೊಡ್ಡದಾಗುತ್ತ ಹೋಗಿತ್ತು. ನೋವಿಲ್ಲ, ಭಾರ ಮಾತ್ರ. ಸೈಕಲ್ಲಿನ ಸೀಟಿನಿಂದ ಎಂದು ನಾನೇ ತೀರ್ಮಾನ ಮಾಡಿಕೊಂಡು, ಸೈಕಲ್ ಬಿಟ್ಟು, ದಪ್ಪ ಲಂಗೋಟಿ ಕಟ್ಟಿ, ಯಾರಿಗೂ ಹೇಳದೆ ಓಡಾಡುತ್ತಿದ್ದೆ. ಕೊಪ್ಪದಲ್ಲಿ ಅಕ್ಕ ನನಗೆ ಹೆಣ್ಣು ಹುಡುಕುತ್ತಿದ್ದಳು. ಇಂಥದ್ದನ್ನು ಯಾರ ಹತ್ತಿರ, ಯಾವ ಮಾತಿನಲ್ಲಿ ಹೇಳುವುದು?

ಡಾಕ್ಟರು ಕಿಟಕಿ ಮುಚ್ಚಿ ಕತ್ತಲೆ ಮಾಡಿ, ಬಾವಿನ ಹಿಂದೆ ಟಾರ್ಚು ಹಿಡಿದು, ಈ ಕಡೆಯಿಂದ ಸುರುಳಿ ಸುತ್ತಿದ ಕಾಗದದೊಳಗೆ ನೋಡಿದರು. ನೀರು ತುಂಬಿದ್ದರೆ ಬೆಳಕು ದಾಟಿ ಕೆಂಪಗೆ ಹೊಳೆಯಬೇಕು. ಹೊಳೆಯಲಿಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಬಹಳ ಹೊತ್ತು ಪರೀಕ್ಷಿಸಿದರು. ಅಷ್ಟು ಹೊತ್ತು ಆ ಮಾತಾಳಿ ಮನುಷ್ಯ ಒಂದೂ ಮಾತಾಡಲಿಲ್ಲ. ನನಗೆ ಭಯವಾದದ್ದು ಅದರಿಂದ.

ದೊಡ್ಡ ಊರಿನ ದೊಡ್ಡ ಡಾಕ್ಟರೊಬ್ಬರಿಗೆ ಅವರು ಕಾಗದ ಬರೆದರು. ನಿಮ್ಮ ಕಡೆ ಇದು ಸಾಮಾನ್ಯ, ಸೂಜಿ ಹಾಕಿ ನೀರು ತೆಗೆಯಿರಿ ಎಂದು ಉತ್ತರ ಬಂತು. ಗುರುಶಾಂತಯ್ಯನವರು ಅದನ್ನು ನನಗೆ ಓದಿ ಹೇಳಿ ಮಡಚಿಟ್ಟರು. "ಸೂಜಿ ಹಾಕಿದ್ರೆ ನಿನ್ನ ಕತೆ ಮುಗೀತದೆ. ಇದು ನೀರಲ್ಲ, ಗಂತಿ. ಕ್ಯಾನ್ಸರ್ ಅಂತಾರೆ. ಅದರಲ್ಲೂ ಅಪರೂಪದ ಜಾತಿ ಇರಬಹುದು ಅಂತ ನನ್ನ ಅನುಮಾನ. ಬಸುರಿಯ ಮೈಯಲ್ಲಿ ಹುಟ್ಟೋ ರಸವೇ ಈ ಗಂತಿಯಲ್ಲೂ ಹುಟ್ತದಂತೆ. ನಿನ್ನ ಎದೆ ಊದಿದ್ದು ಅದಕ್ಕೇ ಇರಬೇಕು. ಹಾಗಿದ್ರೆ ಕಪ್ಪೆ ಹೇಳ್ತದೆ."

"ಅನುಮಾನ ಅಂತೀರಿ. ಖಾತ್ರಿ ಇಲ್ವಾ?"

"ಖಾತ್ರಿ ಬೇಕಾದ್ರೆ ಜ್ಯೋತಿಷ್ಯದವರ ಹತ್ರ ಹೋಗು."

ನಾನು ಒಂದೇ ಷರತ್ತು ಹಾಕಿದೆ. ಯಾರಿಗೂ ಹೇಳಕೂಡದು. ಕಾಂಪೌಂಡರ್ ತಮ್ಮಯ್ಯನಿಗೂ. ಅವರು ಒಪ್ಪಿದರು. ಮುಂದೆ ಆದದ್ದಕ್ಕೆಲ್ಲ ಬೀಜ ಈ ಷರತ್ತು ಎಂದು ನನಗೆ ಆಮೇಲೆ ಹೊಳೆಯಿತು. ಹೊಳೆಯಿತೋ, ಹೊಳೆಯಿತು ಎಂದು ಈಗ ಅಂದುಕೊಳ್ಳುತ್ತಿದ್ದೇನೋ.

ನಾನು ಸೀಸೆಯಲ್ಲಿ ಮೂತ್ರ ಕೊಟ್ಟ ದಿನವೇ ಇನ್ನೊಂದು ಸೀಸೆಯೂ ಬಂದಿತ್ತು. ಮುತ್ತಿನಕೊಪ್ಪದ ಮೇಷ್ಟ್ರ ಹೆಂಡತಿ ಸಾವಿತ್ರಮ್ಮನವರದು. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ, ಈಗ ಎರಡು ತಿಂಗಳಿಂದ ಮುಟ್ಟು ನಿಂತಿತ್ತು. ಡಾಕ್ಟರದೊಂದು ಕ್ರಮವಿತ್ತು. ಸೀಸೆಯ ಮೇಲೆ ಹೆಸರು ಇರಕೂಡದು, ಒಂದು, ಎರಡು ಎಂದು ಸಂಖ್ಯೆ ಮಾತ್ರ. ಯಾವುದು ಯಾರದು ಎಂಬ ಚೀಟಿ ತಮ್ಮಯ್ಯನ ಜೇಬಿನಲ್ಲಿ. "ಹೆಸರು ಗೊತ್ತಿದ್ರೆ ಕಣ್ಣು ತನಗೆ ಬೇಕಾದ್ದನ್ನ ನೋಡ್ತದೆ" ಎಂಬುದು ಅವರ ವಾದ.

ಎರಡು ಕಪ್ಪೆ, ಎರಡು ಸೀಸೆ. ಮೂರು ಗಂಟೆ ಕಳೆದ ಮೇಲೆ ಡಾಕ್ಟರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ಹೇಳಿದರು: "ಒಂದನೇದರಲ್ಲಿ ಏನೂ ಇಲ್ಲ. ಎರಡನೇದರಲ್ಲಿ ಜಾತ್ರೆ ಸೇರಿದೆ. ಯಾರದು ಎರಡನೇದು?"

ತಮ್ಮಯ್ಯ ಜೇಬಿನಿಂದ ಚೀಟಿ ತೆಗೆದ. ಎರಡನೆಯದು ಮರದ ಡಿಪೋ ಗುಮಾಸ್ತನದು ಎಂದು ಅವನ ಕೈಯಲ್ಲೇ ಬರೆದಿತ್ತು. ಗಂಡಸಿಗೆ ಗರ್ಭ! ತಾನೇ ಸೀಸೆ ಅದಲುಬದಲು ಮಾಡಿರಬೇಕು, ಡಾಕ್ಟರು ತನ್ನನ್ನು ಉಳಿಸುವುದಿಲ್ಲ ಎಂದು ತಮ್ಮಯ್ಯ ಹೆದರಿದ. ಗಂಡಸಿನ ಮೂತ್ರವನ್ನು ಯಾಕೆ ಪರೀಕ್ಷಿಸುತ್ತಿದ್ದಾರೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಸಕ್ಕರೆ ಕಾಯಿಲೆಗೋ ಏನೋ ಅಂದುಕೊಂಡಿದ್ದ. ಒಂದೇ ಕ್ಷಣದಲ್ಲಿ, ಮನಸ್ಸಿನಲ್ಲೇ ತಪ್ಪನ್ನು ತಿದ್ದಿ, "ಎರಡನೇದು ಸಾವಿತ್ರಮ್ಮನವರದು ಡಾಕ್ಟ್ರೇ" ಎಂದ. ಆಮೇಲೆ ಹಿತ್ತಲಿಗೆ ಹೋಗಿ ಹೊಸ ಚೀಟಿ ಬರೆದ.

ಮುತ್ತಿನಕೊಪ್ಪಕ್ಕೆ ಸಂಜೆಯೇ ಸುದ್ದಿ ಹೋಯಿತು. ಮಾರನೆಯ ದಿನ ಮೇಷ್ಟ್ರು ಡಿಸ್ಪೆನ್ಸರಿಗೆ ಒಂದು ಪಾತ್ರೆ ಸಜ್ಜಿಗೆ ತಂದರಂತೆ. ಅದರಲ್ಲಿ ನಾನೂ ತಿಂದೆ. ನನಗೆ ರೋಗವಿಲ್ಲ ಎಂಬ ಸಂತೋಷಕ್ಕೆ ಎರಡನೇ ಸಲ ಕೇಳಿ ಹಾಕಿಸಿಕೊಂಡೆ.

ಸಂತೋಷವಿಲ್ಲದ್ದು ಡಾಕ್ಟರಿಗೆ ಒಬ್ಬರಿಗೇ. "ಕಪ್ಪೆ ಇಲ್ಲ ಅಂತದೆ. ನನ್ನ ಕೈ ಹೌದು ಅಂತದೆ. ಇನ್ನೊಂದು ಸೀಸೆ ತಂದುಕೊಡು" ಎಂದರು. ಕೊಡುತ್ತೇನೆ ಎಂದು ಹೇಳಿ ನಾನು ಕೊಪ್ಪದ ಬಸ್ಸು ಹತ್ತಿದೆ. ಅಡ್ಡಗದ್ದೆಯಲ್ಲಿ ಒಂದು ಹುಡುಗಿ ನೋಡಿಟ್ಟಿದ್ದೇನೆ, ಬಾ ಎಂದು ಅಕ್ಕ ಕಾಗದ ಹಾಕಿದ್ದಳು.

ಐದನೆಯ ದಿನ ತಮ್ಮಯ್ಯನಿಂದ ತಡೆಯಲಾಗಲಿಲ್ಲ. ಗುಮಾಸ್ತನ ಸೀಸೆ ಬಂದರೆ ಮತ್ತೆ ಪರೀಕ್ಷೆ ಮಾಡಬೇಕು ಎಂದು ಡಾಕ್ಟರು ದಿನಾ ಅನ್ನುತ್ತಿದ್ದರು. ಬೆಳಿಗ್ಗೆ ಔಷಧಿ ಅರೆಯುತ್ತಿದ್ದವನು ಒರಳು ಬಿಟ್ಟು ಅವರ ಮುಂದೆ ಹೋಗಿ ಹಳೆಯ ಚೀಟಿ ಇಟ್ಟು ನಿಂತ. ಮುಂದಿನದನ್ನು ನಾನು ಕಂಡಿಲ್ಲ. ತಮ್ಮಯ್ಯ ನನಗೆ ಮೂರು ಸಲ ಹೇಳಿದ್ದಾನೆ, ಮೂರು ಸಲವೂ ಸ್ವಲ್ಪ ಸ್ವಲ್ಪ ಬೇರೆಯಾಗಿ. ಒಂದರಲ್ಲಿ ಡಾಕ್ಟರು ಮೇಜು ಗುದ್ದಿದರು, ಇನ್ನೊಂದರಲ್ಲಿ ಸುಮ್ಮನೆ ಕನ್ನಡಕ ಒರೆಸಿಕೊಂಡರು. ಮೂರರಲ್ಲೂ ಇದ್ದ ಮಾತು ಇಷ್ಟು:

"ತಮ್ಮಯ್ಯಾ, ನೀನು ತಪ್ಪು ಮಾಡಿರಲಿಲ್ಲ. ಮಾಡದೆ ಇದ್ದ ತಪ್ಪನ್ನ ತಿದ್ದಿದೆಯಲ್ಲ, ಅದು ತಪ್ಪು. ನಂಬೋಕೆ ಆಗದ್ದು ಕಂಡ್ರೆ ಹಾಗೇ ನನ್ನ ಮುಂದೆ ಇಡು. ಆದ್ರೆ ಯಾಕೆ ಅಂತ ಹೇಳದೆ ನಿನ್ನಿಂದ ಕೆಲಸ ಮಾಡಿಸಿದ್ದು ನಾನು. ನಡಿ, ಛತ್ರಿ ಕೊಡು."

ಹೇಳಿ ಕಳಿಸಬಹುದಿತ್ತು. ಕಾಗದ ಬರೆಯಬಹುದಿತ್ತು. ಅವರು ತಮ್ಮಯ್ಯನನ್ನು ಕರೆದುಕೊಂಡು ಮುತ್ತಿನಕೊಪ್ಪಕ್ಕೆ ತಾವೇ ಹೋದರು. ಸಾವಿತ್ರಮ್ಮ ಕಾಫಿ ತಂದುಕೊಟ್ಟರಂತೆ. ಲೋಟ ಮುಟ್ಟದೆ ಡಾಕ್ಟರು ನೇರವಾಗಿ ಹೇಳಿದರು: "ಅಮ್ಮಾ, ನಿಮಗೆ ಗರ್ಭ ನಿಂತಿಲ್ಲ. ಜ್ವರಕ್ಕೆ ರಕ್ತ ಕಮ್ಮಿಯಾಗಿ ಮುಟ್ಟು ತಪ್ಪಿದೆ. ತಪ್ಪು ಸುದ್ದಿ ಕೊಟ್ಟವನು ನಾನು." ಮೇಷ್ಟ್ರು ಎದ್ದು ಹೊರಗೆ ಹೋಗಿಬಿಟ್ಟರು. ಆಕೆ ಕಂಬ ಹಿಡಿದು ನಿಂತೇ ಇದ್ದರು.

"ಹಾಗಾದ್ರೆ ಅದು ಯಾರದ್ದು?" ಎಂದು ಕೇಳಿದರಂತೆ ಆಮೇಲೆ.

"ಒಬ್ಬ ಹುಡುಗಂದು. ಅವನಿಗೆ ಕಾಯಿಲೆ."

"ಗುಣ ಆಗ್ತದಾ?"

"ಬೇಗ ತೆಗೆದ್ರೆ ಆಗಬಹುದು. ಅವನು ಕೊಪ್ಪದಲ್ಲಿದ್ದಾನೆ. ಇಲ್ಲ ಅಂತ ನಂಬಿಕೊಂಡಿದ್ದಾನೆ."

"ಮತ್ತೆ ಇಲ್ಲಿ ಎಂತಕ್ಕೆ ಕೂತಿದ್ದೀರಿ? ಹೋಗಿ ಡಾಕ್ಟ್ರೇ. ಬಸ್ಸು ಬರೋ ಹೊತ್ತಾಯ್ತು."

ನನ್ನ ರೋಗ ಐದು ದಿನ ಆ ಮನೆಯಲ್ಲಿ ಮಗುವಾಗಿತ್ತು. ಈ ಮಾತನ್ನು ಬೇರೆ ಹೇಗೆ ಬರೆದರೂ ಸುಳ್ಳಾಗುತ್ತದೆ.

ಕೊಪ್ಪದ ಮನೆಯಲ್ಲಿ ನಾವು ಅಡ್ಡಗದ್ದೆಗೆ ಹೊರಡಲು ಒಂದೇ ದಿನ ಬಾಕಿ. ಅಕ್ಕ ನನ್ನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅಂಗಳದಲ್ಲಿ ನೀರು ಸೋರುವ ಛತ್ರಿಯೊಂದಿಗೆ ನಿಂತ ಕುಳ್ಳ ಮನುಷ್ಯನನ್ನು ನೋಡಿ, ಹುಡುಗಿ ಕಡೆಯವರು ಮುಂಚಿತವಾಗಿ ಬಂದರೆಂದು ಒಳಗೆ ಓಡಿ ಉಪ್ಪಿಟ್ಟಿಗೆ ಇಟ್ಟಳು. ಡಾಕ್ಟರು ಜಗಲಿಯಲ್ಲಿ ಕೂತು, ನಡೆದದ್ದನ್ನೆಲ್ಲ ನನಗೆ ಒಂದೂ ಬಿಡದೆ ಹೇಳಿದರು. ನಾನು ಕೂಗಾಡಿದೆನಂತೆ. ನನಗೆ ಅದರ ನೆನಪಿಲ್ಲ, ಅಕ್ಕ ಹೇಳಿದ್ದು. ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದದ್ದು ನೆನಪಿದೆ.

"ಬಲಗಡೆದನ್ನ ತೆಗೀಬೇಕು ಅಮ್ಮಾ," ಎಂದರು ಡಾಕ್ಟರು.

"ನಾಳೆ ಹೆಣ್ಣು ನೋಡೋಕೆ ಹೋಗೋ ಹುಡುಗ ಡಾಕ್ಟ್ರೇ! ತೆಗೀಬೇಕು ಅಂದ್ರೆ?"

"ಎರಡು ಇಟ್ಟುಕೊಂಡು ಸಾಯೋದಕ್ಕಿಂತ ಒಂದು ಇಟ್ಟುಕೊಂಡು ಬದುಕಲಿ. ಒಂದೇ ಕಣ್ಣಿನವರು ಎಷ್ಟು ಜನ ಪುಸ್ತಕ ಓದೋದಿಲ್ಲ?"

ಅಕ್ಕ ಸೌಟನ್ನು ಕೆಳಗಿಟ್ಟಳು. "ಉಪ್ಪಿಟ್ಟು ಆಗಿದೆ, ತಿಂದು ಹೋಗಿ" ಎಂದಳು. ಅದನ್ನು ಒಪ್ಪಿಗೆ ಎಂದು ನಾವಿಬ್ಬರೂ ತಿಳಿದುಕೊಂಡೆವು.

ಊರಿಗೆ ಬಂದು, ನನ್ನದೇ ಹೊಸ ಸೀಸೆಯಿಂದ ಮೂರು ಕಪ್ಪೆಗಳಿಗೆ ಚುಚ್ಚಿದರು. ನಾಲ್ಕನೆಯದಕ್ಕೆ ತಮ್ಮದನ್ನೇ. ಈ ಸಲ ತಮ್ಮಯ್ಯನಿಗೆ ಎಲ್ಲ ಹೇಳಿಯೇ. ಮೂರರಲ್ಲೂ ಜಾತ್ರೆ, ನಾಲ್ಕನೆಯದು ಖಾಲಿ. ತಮ್ಮಯ್ಯ ನನ್ನ ಕೈ ಹಿಡಿದುಕೊಂಡು ಅಳತೊಡಗಿದಾಗ ನಾನೇ ಅವನಿಗೆ ಸಮಾಧಾನ ಹೇಳಬೇಕಾಯಿತು.

ಡಾಕ್ಟರು ರಜೆ ಹಾಕಿ ನನ್ನ ಜೊತೆ ಬೆಂಗಳೂರಿಗೆ ಹೊರಟರು. ಬಸ್ಸಿನಲ್ಲಿ ತರೀಕೆರೆ, ಅಲ್ಲಿಂದ ರೈಲು. ಅವರ ಕಾಲ ಬಳಿ ತೂತು ಹೊಡೆದ ಡಬ್ಬದಲ್ಲಿ ನಾಲ್ಕು ಕಪ್ಪೆಗಳು. ಎದುರು ಕೂತಿದ್ದ ವ್ಯಾಪಾರಿಯೊಬ್ಬ, "ಏನು ಸ್ವಾಮಿ ಅದರಲ್ಲಿ ಸದ್ದು?" ಎಂದು ಕೇಳಿದ. "ಸಾಕ್ಷಿಗಳು," ಎಂದರು. "ದೊಡ್ಡ ಕೋರ್ಟಿಗೆ ಕರೆದುಕೊಂಡು ಹೋಗ್ತಾ ಇದ್ದೀನಿ." ಅಲ್ಲಿಯ ದೊಡ್ಡ ಡಾಕ್ಟರುಗಳು ಮೊದಲು ನಕ್ಕರು. ಒಬ್ಬರು ಮಾತ್ರ, ವಯಸ್ಸಾದವರು, ನಗುತ್ತಲೇ ಬಂದು ನೋಡಿ, ನೋಡಿದ ಮೇಲೆ ನಗು ನಿಲ್ಲಿಸಿದರು. ಎರಡನೆಯ ದಿನ ಆಪರೇಷನ್ ಆಯಿತು. ತೆಗೆದ ಗಂತಿಯನ್ನು ಕೊಯ್ದು ನೋಡಿ ಅದರ ಹೆಸರು ಬರೆದುಕೊಟ್ಟರು. ಉದ್ದದ ಇಂಗ್ಲಿಷ್ ಹೆಸರು. ಇದರಲ್ಲಿ ಕಪ್ಪೆಗೆ ತಿಳಿಯುವಂಥ ರಸ ಬರುವುದು ಬಹಳ ಅಪರೂಪ, ನಿಮ್ಮ ಅನುಮಾನ ಸರಿ ಎಂದರು. ಆ ಕಾಗದ ನನ್ನ ಹತ್ತಿರ ಈಗಿಲ್ಲ.

ಆಮೇಲೆ ಹೊಟ್ಟೆಗೆ ವಾರಗಟ್ಟಲೆ ಕ್ಷಕಿರಣ ಹಾಯಿಸಿದರು. ವಾರ್ಡಿನವರು ಅದಕ್ಕೆ ಕರೆಂಟು ಕೊಡುವುದು ಎನ್ನುತ್ತಿದ್ದರು. ಚರ್ಮ ಕಪ್ಪಾಯಿತು, ತಿಂದದ್ದೆಲ್ಲ ವಾಂತಿ. ಡಾಕ್ಟರಿಗೆ ರಜೆ ಮುಗಿದಿತ್ತು, ವಾಪಸ್ಸು ಹೋಗಿದ್ದರು. ವಾರಕ್ಕೊಂದು ಕಾರ್ಡು ಬರೆಯುತ್ತಿದ್ದರು. ಧೈರ್ಯ ಹೇಳುವ ಮಾತು ಒಂದೂ ಇರುತ್ತಿರಲಿಲ್ಲ. 'ಗಂಜಿ ಕುಡಿ. ತೂಕ ನೋಡಿ ಬರಿ. ಇಲ್ಲಿ ಜ್ವರ ಜಾಸ್ತಿ.' ಅಷ್ಟೇ. ಆ ಕಾರ್ಡುಗಳನ್ನು ನಾನು ದಿಂಬಿನ ಕೆಳಗಿಟ್ಟು ಮಲಗುತ್ತಿದ್ದೆ.

ಊರಿಗೆ ಬಂದ ಮೇಲೆ ಒಂದು ದಿನ ಮುತ್ತಿನಕೊಪ್ಪಕ್ಕೆ ಹೋದೆ. ಕ್ಷಮೆ ಕೇಳಲು ಒಂದು ಮಾತು ಕಟ್ಟಿಕೊಂಡಿದ್ದೆ. ಡಾಕ್ಟರ ಹೆಸರು ಹೇಳಿದೊಡನೆ ಸಾವಿತ್ರಮ್ಮ ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವೇನಾ ಅದು? ಅಯ್ಯೋ, ಎಷ್ಟು ಬಡವಾಗಿದ್ದೀರಿ! ಕೂರಿ, ಊಟ ಮಾಡಿ" ಎಂದರು. ಊಟದ ನಡುವೆ ನಾನು ಕಟ್ಟಿಕೊಂಡು ಹೋದ ಮಾತು ಶುರು ಮಾಡಿದೆ. ಅವರು ಅರ್ಧಕ್ಕೇ ತಡೆದರು.

"ಐದು ದಿನ ಚೆನ್ನಾಗಿತ್ತು. ಈಗ ಸುಳ್ಳು ಅಂದ ಮಾತ್ರಕ್ಕೆ ಆ ಐದು ದಿನ ವಾಪಸ್ ಹೋಗ್ತದಾ? ಸಾರು ಹಾಕಿಸಿಕೊಳ್ಳಿ."

ಇದನ್ನು ಡಾಕ್ಟರಿಗೆ ಹೇಳಿದೆ. ಅವರು ಕಿವಿ ಕೇಳಿಸದವರಂತೆ ಸೂಕ್ಷ್ಮದರ್ಶಕದ ಕೊಳವೆ ಒರೆಸುತ್ತ ಹೋದರು. ಆ ಕಡೆಯ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು.

ತಿಂಗಳಿಗೊಮ್ಮೆ ನಾನು ಸೀಸೆ ತೆಗೆದುಕೊಂಡು ಹೋಗಬೇಕಿತ್ತು. ಗಂತಿ ಮೈಯಲ್ಲಿ ಎಲ್ಲಾದರೂ ಉಳಿದಿದ್ದರೆ, ಮತ್ತೆ ಬೆಳೆದರೆ, ಕಪ್ಪೆಗೆ ತಿಳಿಯುತ್ತದೆ. ಪ್ರತಿ ತಿಂಗಳು ಆ ಮೂರು ಗಂಟೆ ನಾನು ಡಿಸ್ಪೆನ್ಸರಿಯ ಮುಂದಿನ ಕಲ್ಲಿನ ಮೇಲೆ ಕೂತಿರುತ್ತಿದ್ದೆ. ಒಳಗಿನಿಂದ ಅವರ ದನಿ ಬರುತ್ತಿತ್ತು, "ಇಲ್ಲ, ಹೋಗು, ಕೆಲಸ ನೋಡು." ಹನ್ನೆರಡು ಸಲ ಬಂತು, ಅಥವಾ ಹದಿಮೂರು ಸಲ. ಇಲ್ಲ ಎಂಬ ಮಾತನ್ನು ನಾನು ಅಷ್ಟು ಆಸೆಯಿಂದ ಇನ್ನಾರ ಬಾಯಲ್ಲೂ ಕೇಳಿಲ್ಲ.

ಅವರು ತೀರಿಕೊಂಡ ಸುದ್ದಿ ನನಗೆ ಎಷ್ಟೋ ವರ್ಷಗಳ ಮೇಲೆ, ಅದೂ ತಿಂಗಳುಗಟ್ಟಲೆ ತಡವಾಗಿ, ತಮ್ಮಯ್ಯನ ಕಾಗದದಲ್ಲಿ ಬಂತು. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು, ಹುಡುಗಿಗೆ ಎಲ್ಲ ಹೇಳಿಯೇ. ಕೂದಲು ನರೆಯತೊಡಗಿತ್ತು. ನರೆತ ಕೂದಲನ್ನು ಕನ್ನಡಿಯಲ್ಲಿ ನೋಡಿ ಖುಷಿಪಡುವ ಗಂಡಸರು ಬಹಳ ಇರಲಾರರು.

ಕೊನೆಯ ಭೇಟಿ ಮಾತ್ರ ಅವರಿಗೆ ವರ್ಗವಾದಾಗಿನದು. ನಾಳೆ ಹೊರಡಬೇಕು. ಸಾಮಾನೆಲ್ಲ ಗೋಣಿಯಲ್ಲಿ ಕಟ್ಟಿತ್ತು. ಸರ್ಕಾರದ್ದಾದ ಸೂಕ್ಷ್ಮದರ್ಶಕ ಮಾತ್ರ ಕಿಟಕಿಯ ಪಕ್ಕ ಇತ್ತು. ಆ ತಿಂಗಳ ಪರೀಕ್ಷೆ ಅಂದೇ ಮುಗಿದಿತ್ತು. ಹೊರಗೆ ಕಲ್ಲಿನ ಮೇಲೆ ಕೂತಿದ್ದ ನನ್ನನ್ನು ಅಂದು ಮಾತ್ರ ಒಳಗೆ ಕರೆದರು.

"ಇಷ್ಟು ದಿನ ನನ್ನ ಮಾತು ನಂಬಿದ್ದೀಯ. ಇವತ್ತು ನೀನೇ ನೋಡು."

ಬಗ್ಗಿ ಕಣ್ಣಿಟ್ಟೆ. ಮೊದಲು ನನ್ನ ರೆಪ್ಪೆಯೇ ಕಂಡಿತು. ಅವರು ಪಕ್ಕದಿಂದ ತಿರುಪು ತಿರುಗಿಸಿದರು. ದುಂಡನೆಯ ಬೆಳಕು ಮೇಲೆ ಬಂತು. ಅದರಲ್ಲಿ ಏನೂ ಇರಲಿಲ್ಲ. ಒಂದು ಕಡೆ ಗಾಳಿಗುಳ್ಳೆ, ಇನ್ನೊಂದು ಕಡೆ ಧೂಳಿನ ಎಳೆ. ಉಳಿದದ್ದೆಲ್ಲ ಬರೀ ಬೆಳಕು. ಅದರಲ್ಲಿ ಏನಾದರೂ ಅಲ್ಲಾಡಿದರೆ ನಾನು ಸಾಯುತ್ತೇನೆ. ಅಲ್ಲಾಡಲಿಲ್ಲ. ಬೆನ್ನು ನೋಯತೊಡಗಿದರೂ ಕಣ್ಣು ತೆಗೆಯಲಾಗಲಿಲ್ಲ.

"ಸಾಕು ಮಾರಾಯ," ಎಂದರು ಡಾಕ್ಟರು. "ಇಲ್ಲದ್ದನ್ನ ಎಷ್ಟು ಹೊತ್ತು ನೋಡ್ತೀಯ?"

"ಇನ್ನೊಂದು ಸ್ವಲ್ಪ ಹೊತ್ತು ಡಾಕ್ಟ್ರೇ," ಎಂದೆ.

ಅವರು ಬೆಳಕಿಗೆ ಅಡ್ಡವಾಗದ ಹಾಗೆ ಕಿಟಕಿಯಿಂದ ಪಕ್ಕಕ್ಕೆ ಸರಿದು ನಿಂತರು.